ಕೆಲಸ ಕೊಡುವವರಿಗೂ ಕೆಲಸ ಹುಡುಕುವವರಿಗೂ: ವಿಕಲಚೇತನರ ಉದ್ಯೋಗದ ಬಗ್ಗೆ ಓದುಗರ ಪ್ರಶ್ನೆಗಳು

ವಿಕಲಚೇತನರ ಉದ್ಯೋಗದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಬಹಳಷ್ಟು “ಇಂಥವರಿಗೆ ಯಾವ ಕೆಲಸ ಕೊಡಬಹುದು?” ಎಂದೇ ಶುರುವಾಗುತ್ತವೆ. ಅಲ್ಲಿಂದ ಶುರು ಮಾಡಿದರೆ ಲಿಫ್ಟ್ ಬಾಗಿಲು ತೆಗೆಯುವುದು, ಫೋನ್ ಎತ್ತುವುದು ಇಷ್ಟಕ್ಕೇ ಬಂದು ನಿಲ್ಲುತ್ತೇವೆ. ನಿಮ್ಮಲ್ಲಿ ಈಗಾಗಲೇ ಇರುವ ಕೆಲಸವನ್ನು ತೆಗೆದುಕೊಳ್ಳಿ. ಅದರಲ್ಲಿ ಏನೇನು ಮಾಡಬೇಕು, ಎಲ್ಲಿ ತೊಡಕಾಗುತ್ತದೆ, ಆ ತೊಡಕು ಬಿಡಿಸಲು ಏನು ಬೇಕು ಎಂದು ನೋಡಿ. ಕೆಳಗಿನ ಉತ್ತರಗಳೆಲ್ಲ ಆ ದಾರಿಯವು.

ನಮ್ಮದು ದೊಡ್ಡಬಳ್ಳಾಪುರದ ಬಳಿ 120 ಮಂದಿಯ ಗಾರ್ಮೆಂಟ್ಸ್ ಘಟಕ. ಟೇಲರ್‌ಗಳ ಕೊರತೆ ಇದೆ. ಕಿವಿ ಕೇಳದ ಐದು ಮಂದಿ ಹುಡುಗಿಯರು ಕೆಲಸ ಕೇಳಿಕೊಂಡು ಬಂದಿದ್ದಾರೆ. ಹಿಂದೆ ಇಂಥ ಒಬ್ಬರನ್ನು ಸೇರಿಸಿಕೊಂಡಿದ್ದೆವು, ಒಂದೂವರೆ ತಿಂಗಳಿಗೆ ಬಿಟ್ಟು ಹೋದರು. ಈ ಸಲ ಹಾಗಾಗದಿರಲು ಏನು ಮಾಡಬೇಕು? ಬೆಂಕಿ, ಅಪಘಾತದ ಭಯವೂ ಇದೆ.

ಹಿಂದಿನವರು ಬಿಟ್ಟು ಹೋಗಲು ಕಾರಣ ಬಹುಶಃ ನಿಮ್ಮ ಪತ್ರದಲ್ಲೇ ಇದೆ: ಅವರು ಒಬ್ಬರೇ ಇದ್ದರು. ದಿನಕ್ಕೆ ಎಂಟು ಗಂಟೆ ಯಾರೊಡನೆಯೂ ಮಾತಿಲ್ಲ, ಊಟದ ಹೊತ್ತಿನಲ್ಲೂ ಮೂಲೆಯಲ್ಲಿ ಒಬ್ಬರೇ. ಸಂಬಳ ಚೆನ್ನಾಗಿದ್ದರೂ ಇದನ್ನು ಬಹಳ ದಿನ ತಡೆದುಕೊಳ್ಳಲು ಯಾರಿಗೂ ಆಗುವುದಿಲ್ಲ. ಈ ಸಲ ಐವರನ್ನೂ ಪರೀಕ್ಷಿಸಿ, ಕನಿಷ್ಠ ಮೂವರನ್ನು ಒಟ್ಟಿಗೆ ತೆಗೆದುಕೊಳ್ಳಿ. ಎಲ್ಲರನ್ನೂ ಒಂದೇ ಲೈನಿನಲ್ಲಿ ಗುಂಪಾಗಿ ಕೂರಿಸಬೇಕಿಲ್ಲ, ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಷ್ಟು ದೂರದಲ್ಲಿದ್ದರೆ ಸಾಕು.

ಸಂದರ್ಶನಕ್ಕೆ ತಾಯಿಯನ್ನೋ ಅಣ್ಣನನ್ನೋ ದುಭಾಷಿಯಾಗಿ ಕೂರಿಸಬೇಡಿ. ಉತ್ತರ ಅವರದ್ದಾಗುತ್ತದೆಯೇ ಹೊರತು ಹುಡುಗಿಯದಲ್ಲ. ಸನ್ನೆ ಭಾಷೆ ಬಲ್ಲವರನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಅಥವಾ ಹತ್ತಿರದ ಕಿವುಡ ಮಕ್ಕಳ ಶಾಲೆಯಲ್ಲಿ ವಿಚಾರಿಸಿ. ಒಂದು ಗಂಟೆಗೆ ವಿಡಿಯೊ ಕರೆಯಲ್ಲಿ ಸಿಕ್ಕರೂ ನಡೆಯುತ್ತದೆ. ಮಾತಿಗಿಂತ ಕೆಲಸದ ಪರೀಕ್ಷೆಯೇ ಮುಖ್ಯ. ಒಂದು ಜೇಬು, ಒಂದು ಕಾಲರ್ ಮಾದರಿಯಾಗಿ ಕೊಟ್ಟು ಹಾಗೆಯೇ ಹೊಲಿಯಲು ಹೇಳಿ.

ಎಲ್ಲರೂ ಎಡವುವ ಜಾಗ ಒಂದಿದೆ. “ಕೇಳದಿದ್ದರೇನು, ಬರೆದು ತೋರಿಸುತ್ತೇವೆ” ಎನ್ನುತ್ತಾರೆ. ಹುಟ್ಟಿನಿಂದ ಕಿವಿ ಕೇಳದವರಿಗೆ ಕನ್ನಡ ಎರಡನೆಯ ಭಾಷೆ. ಸನ್ನೆ ಭಾಷೆಯ ವಾಕ್ಯಕಟ್ಟು ಬೇರೆ, ಕನ್ನಡದ್ದು ಬೇರೆ. “ಕಾಲು ಇಂಚು ಬಿಟ್ಟು ಮಡಿಚಿ, ಎರಡನೇ ಹೊಲಿಗೆ ಮೇಲೆ ಬರದಂತೆ ನೋಡಿಕೊಳ್ಳಿ” ಎಂದು ಬರೆದರೆ ಅಕ್ಷರ ಓದಿಯಾರು, ಅರ್ಥ ತಲೆಕೆಳಗಾಗಬಹುದು. ಹಾಗಾದಾಗ ತಲೆಯಾಡಿಸಿ ಸುಮ್ಮನಾಗುತ್ತಾರೆ, ಸಂಜೆಗೆ ಇಡೀ ಬಂಡಲ್ ಬಿಚ್ಚಬೇಕಾಗುತ್ತದೆ. ಪ್ರತಿ ಆಪರೇಷನ್‌ಗೆ, ಅಂದರೆ ಹೊಲಿಗೆಯ ಒಂದೊಂದು ಹಂತಕ್ಕೆ, ಸರಿಯಾದ ತುಂಡು ಒಂದು, ತಪ್ಪಾದ ತುಂಡು ಒಂದು ರಟ್ಟಿಗೆ ಹೊಲಿದು ಮಷಿನ್ ಪಕ್ಕ ತೂಗುಹಾಕಿ. ಸರಿಯಾದದ್ದಕ್ಕೆ ಹಸಿರು ಗುರುತು, ತಪ್ಪಿಗೆ ಕೆಂಪು. ಇದು ಕಿವಿ ಕೇಳುವ ಹೊಸಬರಿಗೂ ಉಪಯೋಗ. ತಲೆಯಾಡಿಸಿದ್ದನ್ನು ‘ಅರ್ಥವಾಯಿತು’ ಎಂದುಕೊಳ್ಳದೆ, ಮೊದಲ ಮೂರು ಪೀಸ್ ಹೊಲಿಸಿ ನೋಡಿ.

ಸೂಪರ್‌ವೈಸರ್‌ಗೆ ನಲವತ್ತು ಐವತ್ತು ಸನ್ನೆ ಬಂದರೆ ಲೈನ್ ನಡೆಯುತ್ತದೆ: ಬಂಡಲ್, ಸೈಜು, ಸೂಜಿ, ದಾರ, ನಿಲ್ಲಿಸು, ಬಿಚ್ಚಿ ಹೊಲಿ, ಟಾರ್ಗೆಟ್, ಓ.ಟಿ. (ಹೆಚ್ಚುವರಿ ಹೊತ್ತಿನ ಕೆಲಸ), ರಜೆ, ಸಂಬಳ. ಕಲಿಸುವವರು ಆ ಹುಡುಗಿಯರೇ ಆಗಲಿ. ದಿನಕ್ಕೆ ಹತ್ತು ನಿಮಿಷದಂತೆ ಮೂರು ವಾರ ಸಾಕು. ಕರೆಯುವಾಗ ಎದುರಿನಿಂದ ಕೈ ಬೀಸಿ, ಇಲ್ಲವೇ ಹೆಗಲು ಮೆಲ್ಲಗೆ ತಟ್ಟಿ. ಸೂಜಿ ಓಡುತ್ತಿರುವಾಗ ಹಿಂದಿನಿಂದ ಹಠಾತ್ತನೆ ಮುಟ್ಟಿದರೆ ಬೆರಳಿಗೆ ಸೂಜಿ ಹೊಕ್ಕುತ್ತದೆ. ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಾರೆ ಎಂದು ನಂಬಬೇಡಿ, ಮಾಸ್ಕ್ ಹಾಕಿದರೆ ಅದೂ ಇಲ್ಲ. ಶ್ರವಣ ಯಂತ್ರ ಇರುವವರಿಗೆ ಲೈನಿನಲ್ಲಿ ಅದನ್ನು ಹಾಕಿಕೊಳ್ಳಲೇಬೇಕೆಂದು ಒತ್ತಾಯಿಸಬೇಡಿ. ಅದು ಮಾತಿನ ಜೊತೆಗೆ ಮಷಿನ್‌ಗಳ ಗದ್ದಲವನ್ನೂ ದೊಡ್ಡದು ಮಾಡಿ ಕೊಡುತ್ತದೆ.

ಬೆಂಕಿಯ ವಿಚಾರಕ್ಕೆ ಪರಿಹಾರ ಸರಳ, ಖರ್ಚೂ ಕಡಿಮೆ. ಅಲಾರಂ ಜೊತೆಗೇ ಮಿನುಗುವ ದೀಪ ಜೋಡಿಸಿ. ಹಾಲ್‌ನಲ್ಲಿ ಎಲ್ಲರೂ ಹಾಕಿಸುತ್ತಾರೆ. ಶೌಚಾಲಯ, ಸ್ಟೋರ್, ಊಟದ ಕೋಣೆ ಮರೆತುಹೋಗುತ್ತವೆ. ಒಬ್ಬರೇ ಇರುವ ಜಾಗಗಳು ಅವೇ. ಜೊತೆಗೆ ಪ್ರತಿಯೊಬ್ಬರಿಗೂ ಇಬ್ಬರು ಜತೆಗಾರರನ್ನು ಗೊತ್ತುಮಾಡಿ. ಒಬ್ಬರೇ ಆದರೆ ಅವರು ರಜೆ ಹಾಕಿದ ದಿನವೇ ಅವಘಡವಾದರೆ ಕಷ್ಟ. ಹೊಲಿಯದಿದ್ದಾಗಲೂ ಓಡುತ್ತಲೇ ಇರುವ ಹಳೆಯ ಕ್ಲಚ್ ಮೋಟಾರಿನ ಮಷಿನ್ ಇದ್ದರೆ ಸ್ವಿಚ್ ಹತ್ತಿರ ಒಂದು ಸೂಚಕ ದೀಪ ಹಾಕಿಸಿ. ಗುಯ್‌ಗುಡುವ ಸದ್ದು ಕೇಳದವರಿಗೆ ಮೋಟಾರು ಓಡುತ್ತಿದೆಯೆಂದು ತಿಳಿಯುವುದು ಆ ದೀಪದಿಂದ.

ಇನ್ನೊಂದು ಮಾತು. ಬೋನಸ್, ರಜೆ, ಶಿಫ್ಟ್ ಬದಲಾವಣೆ ಇವನ್ನೆಲ್ಲ ಮೈಕಿನಲ್ಲಿ ಹೇಳುವ ರೂಢಿ ಇದೆ. ರಜೆಯ ದಿನ ಬೆಳಿಗ್ಗೆ ಬಂದು ಗೇಟಿನ ಮುಂದೆ ನಿಂತ ಹುಡುಗಿಗೆ ಆಗುವ ಅವಮಾನ ಸಣ್ಣದಲ್ಲ. ಎಲ್ಲ ಪ್ರಕಟಣೆಯನ್ನೂ ವಾಟ್ಸ್‌ಆ್ಯಪ್‌ನಲ್ಲಿ ಸನ್ನೆಯ ಸಣ್ಣ ವಿಡಿಯೊ ಮಾಡಿ ಹಾಕಿ.

ನಮ್ಮ ಪತ್ತಿನ ಸಹಕಾರ ಸಂಘದ ಗುಮಾಸ್ತೆ ಹುದ್ದೆಗೆ ಪೂರ್ತಿ ದೃಷ್ಟಿ ಇಲ್ಲದ ಬಿ.ಕಾಂ. ಪದವೀಧರೆ ಅರ್ಜಿ ಹಾಕಿದ್ದಾರೆ. ಕಂಪ್ಯೂಟರ್ ಬರುತ್ತದೆ ಎನ್ನುತ್ತಾರೆ. ನಮ್ಮ ಕಡತಗಳೆಲ್ಲ ‘ನುಡಿ’ ತಂತ್ರಾಂಶದಲ್ಲಿವೆ. ಇದು ಆಗುವ ಮಾತೇ? (ಕಾರ್ಯದರ್ಶಿ, ಶಿವಮೊಗ್ಗ ಜಿಲ್ಲೆ)

ಆಗುವ ಮಾತು. ಅವರು ಬಳಸುವುದು ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ. ಎನ್‌ವಿಡಿಎ ಎಂಬುದು ಉಚಿತವಾಗಿಯೇ ಸಿಗುತ್ತದೆ, ಅದರೊಂದಿಗೆ ಬರುವ ಧ್ವನಿ ಕನ್ನಡವನ್ನೂ ಓದುತ್ತದೆ. ಮೌಸ್ ಬೇಡ, ಎಲ್ಲವೂ ಕೀಲಿಮಣೆಯಿಂದಲೇ.

ತೊಡಕು ಇರುವುದು ನೀವು ಹೇಳಿದ ಕಡತಗಳಲ್ಲಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ, ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ. ಕಣ್ಣಿಗೆ ಕನ್ನಡ ಕಾಣುತ್ತದೆ, ತಂತ್ರಾಂಶ ಮಾತ್ರ ಅರ್ಥವಿಲ್ಲದ ಅಕ್ಷರಗಳನ್ನು ಒದರುತ್ತದೆ. ಇನ್ನು ಮುಂದೆ, ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿಯ ಹೊಸ ಆವೃತ್ತಿಗಳಲ್ಲೇ ಆ ಸೌಲಭ್ಯ ಇದೆ. ಹಳೆಯದರಲ್ಲಿ ದಿನಬಳಕೆಯವನ್ನು ಮಾತ್ರ ಪರಿವರ್ತಿಸಿ, ಒತ್ತಕ್ಷರ ಮತ್ತು ಅಂಕಿಗಳನ್ನು ಕಣ್ಣಿರುವವರೊಬ್ಬರು ಒಮ್ಮೆ ತಾಳೆ ನೋಡಲಿ. ಸ್ಕ್ಯಾನ್ ಮಾಡಿದ ಸುತ್ತೋಲೆ ಅವರಿಗೆ ಖಾಲಿ ಹಾಳೆ ಇದ್ದಂತೆ. ಎಕ್ಸೆಲ್‌ನಲ್ಲಿ ಹಲವು ಮನೆಗಳನ್ನು (ಸೆಲ್) ಕೂಡಿಸಿ ಒಂದು ಮಾಡುವುದು, ಬಾಕಿದಾರರನ್ನು ಬರೀ ಕೆಂಪು ಬಣ್ಣದಿಂದ ಗುರುತಿಸುವುದು ಇವೆರಡನ್ನೂ ಬಿಡಿ. ‘ಬಾಕಿ’ ಎಂಬ ಒಂದು ಕಾಲಂ ಸೇರಿಸಿದರೆ ಆಯಿತು.

ಸಂಘದ ಲೆಕ್ಕದ ತಂತ್ರಾಂಶ ಹೊಂದುತ್ತದೆಯೇ ಎಂದು ತಿಳಿಯಲು ಮೌಸ್ ತೆಗೆದಿಟ್ಟು, ಒಂದು ಠೇವಣಿಯನ್ನು ಆರಂಭದಿಂದ ರಸೀದಿಯವರೆಗೆ ಕೀಲಿಮಣೆಯಿಂದಲೇ ಮಾಡಿ ನೋಡಿ. ಎಲ್ಲಿ ಸಿಕ್ಕಿಕೊಂಡಿರೋ ಅಲ್ಲೇ ಅವರೂ ಸಿಕ್ಕಿಕೊಳ್ಳುತ್ತಾರೆ. ಅದನ್ನು ಬರೆದು ತಂತ್ರಾಂಶ ಕೊಟ್ಟವರಿಗೆ ಕಳಿಸಿ. ಆಮೇಲೆ ಅರ್ಜಿದಾರರನ್ನೇ ಕರೆದು ಅದೇ ಕಂಪ್ಯೂಟರಿನಲ್ಲಿ ಒಂದು ಗಂಟೆ ಕೂರಿಸಿ. ನಮ್ಮ ನಿಮ್ಮ ಊಹೆಗಿಂತ ಆ ಒಂದು ಗಂಟೆ ಹೆಚ್ಚು ಹೇಳುತ್ತದೆ.

ನಗದು ಎಣಿಕೆ ಬೇರೆಯವರಿಗಿರಲಿ, ಸದಸ್ಯರ ಪತ್ರವ್ಯವಹಾರ, ಕಂತಿನ ನೆನಪು ಕರೆ, ಲೆಕ್ಕದ ನಮೂದು ಇವರಿಗಿರಲಿ ಎಂದು ಹಂಚಿಕೊಳ್ಳಬಹುದು. ನೋಟು ಗುರುತಿಸಲು ರಿಸರ್ವ್ ಬ್ಯಾಂಕ್ 2020ರಲ್ಲಿ ‘ಮಣಿ’ ಎಂಬ ಆ್ಯಪ್ ತಂದಿದೆ, ಆದರೆ ಕೌಂಟರಿನ ವೇಗಕ್ಕೆ ಅದು ಸಾಲದು. ಕಿವಿಗೆ ಒಂದೇ ಬದಿಯ ಇಯರ್‌ಫೋನ್ ಕೊಡಿ, ಇನ್ನೊಂದು ಕಿವಿ ಕೌಂಟರಿನ ಕಡೆ ಇರಬೇಕು. ಮೊದಲ ದಿನ ಕಚೇರಿ ತೆರೆಯುವ ಮುನ್ನ ಒಂದು ಸುತ್ತು ನಡೆಸಿ ತೋರಿಸಿ. ಅರ್ಧ ತೆರೆದ ಬಾಗಿಲು, ನಡೆದಾಡುವ ದಾರಿಯಲ್ಲಿ ಇಟ್ಟ ಕುರ್ಚಿ ಇವೇ ಹಣೆಗೂ ಮೊಣಕಾಲಿಗೂ ಪೆಟ್ಟು ಕೊಡುವುದು.

ಗಾಲಿಕುರ್ಚಿಯಲ್ಲಿ ಬರುವ ಡಿ.ಟಿ.ಪಿ. ಕೆಲಸಗಾರ್ತಿಯನ್ನು ತೆಗೆದುಕೊಳ್ಳಬೇಕೆಂದಿದ್ದೇವೆ. ಬಾಡಿಗೆ ಕಟ್ಟಡ, ಮುಂದೆ ಮೂರು ಮೆಟ್ಟಿಲು. ಇಳಿಜಾರು ಹೇಗೆ ಹಾಕಿಸಬೇಕು? (ಮುದ್ರಣಾಲಯ ಮಾಲೀಕರು, ಹುಬ್ಬಳ್ಳಿ)

ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲು ಅಂದರೆ 18 ಇಂಚು, ಇಳಿಜಾರು 18 ಅಡಿ. ಅಷ್ಟು ಜಾಗವಿಲ್ಲದಿದ್ದರೆ ಗೋಡೆಯ ಪಕ್ಕಕ್ಕೆ ತಿರುಗಿಸಿ, ತಿರುವಿನಲ್ಲಿ 5 ಅಡಿಗೆ 5 ಅಡಿ ಸಮತಟ್ಟು ಬಿಡಿ. ಮೇಲೆ ಬಾಗಿಲ ಮುಂದೆಯೂ ಅಷ್ಟೇ ಸಮತಟ್ಟು ಬೇಕು, ಇಲ್ಲದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅಗಲ ನಾಲ್ಕು ಅಡಿ, ಎರಡೂ ಬದಿ ಕೈಯಲ್ಲಿ ಹಿಡಿದುಕೊಳ್ಳುವ ಕಂಬಿ, ಅಂಚಿನಲ್ಲಿ ಸಣ್ಣ ಕಟ್ಟೆ. ಮೇಲ್ಮೈ ಒರಟಾಗಿರಲಿ, ನುಣುಪು ಟೈಲ್ಸ್ ಹಾಕಿದರೆ ಮಳೆಗಾಲದಲ್ಲಿ ನಡೆಯುವವರೂ ಬೀಳುತ್ತಾರೆ. ಮೇಸ್ತ್ರಿಗಳು ಬೈಕ್ ಹತ್ತಿಸುವ ಇಳಿಜಾರನ್ನೇ ಕಣ್ಣಳತೆಯಲ್ಲಿ ಹಾಕಿಬಿಡುತ್ತಾರೆ. ಅದು ಕುರ್ಚಿಗೆ ಅಪಾಯ, ಆದ್ದರಿಂದ ನೀವೇ ಟೇಪು ಹಿಡಿಯಿರಿ. ಕಟ್ಟಡದ ಮಾಲೀಕರು ಒಪ್ಪದಿದ್ದರೆ ಕಬ್ಬಿಣದ ಬಿಚ್ಚಿಡುವ ಇಳಿಜಾರನ್ನು ವೆಲ್ಡಿಂಗ್‌ನವರಿಂದ ಮಾಡಿಸಬಹುದು, ಅಳತೆ ಮಾತ್ರ ಅದೇ.

ಇಳಿಜಾರಿಗಿಂತ ಶೌಚಾಲಯ ಮುಖ್ಯ. ಅದಿಲ್ಲದ ಕಡೆ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತಾರೆ, ಮೂತ್ರದ ಸೋಂಕಾಗುತ್ತದೆ, ರಜೆ ಹೆಚ್ಚುತ್ತದೆ, ಕೊನೆಗೆ ಕೆಲಸ ಬಿಡುತ್ತಾರೆ. ಕಾರಣ ಹೇಳಲು ನಾಚಿಕೆ. ಬಾಗಿಲು ಮೂರು ಅಡಿ ಅಗಲವಿದ್ದು ಹೊರಕ್ಕೆ ತೆರೆಯಬೇಕು, ಒಳಗೆ ಕುರ್ಚಿ ತಿರುಗಲು 5 ಅಡಿ ಜಾಗ, ಪಾಶ್ಚಾತ್ಯ ಮಾದರಿ ಕಮೋಡ್, ಅದರ ಬದಿಯಲ್ಲಿ ಗೋಡೆಗೆ ಗಟ್ಟಿಯಾಗಿ ಹಿಡಿಸಿದ ಹಿಡಿಕೆ. ಟವೆಲ್ ಹಾಕುವ ಕಂಬಿ ಹಿಡಿಕೆಯಲ್ಲ, ಇಡೀ ಮೈಯ ಭಾರ ಹಾಕಿದರೆ ಕಿತ್ತುಬರುತ್ತದೆ. ಇಷ್ಟಾದ ಮೇಲೆ ಒಂದು ದಿನ ಅವರನ್ನೇ ಕರೆದು ತೋರಿಸಿ, ಕಾಂಕ್ರೀಟ್ ಹಾಕುವ ಮುನ್ನ.

ಮಗನಿಗೆ 23 ವರ್ಷ, ಬೌದ್ಧಿಕ ನ್ಯೂನತೆ. ವಿಶೇಷ ಶಾಲೆ ಮುಗಿಸಿದ್ದಾನೆ. ಇಲ್ಲಿನ ಬೇಕರಿ ಘಟಕವೊಂದು ಪ್ಯಾಕಿಂಗ್‌ಗೆ ಕರೆದಿದೆ, ‘ತರಬೇತಿ’ ಎಂದು ತಿಂಗಳಿಗೆ 3,000 ಕೊಡುತ್ತಾರಂತೆ. ಕಳಿಸಲೇ? (ತಾಯಿ, ಉಡುಪಿ)

ಕಳಿಸಿ ಅಮ್ಮಾ, ಆದರೆ ಮೂರು ವಿಷಯ ಮೊದಲೇ ಬರಹದಲ್ಲಿ ಪಡೆಯಿರಿ: ಏನು ತರಬೇತಿ, ಎಷ್ಟು ತಿಂಗಳು, ಮುಗಿದ ಮೇಲೆ ಸಂಬಳ ಎಷ್ಟು. ಮಗ ಪೂರ್ತಿ ದಿನ ದುಡಿದು, ಅವನು ಕಟ್ಟಿದ ಪೊಟ್ಟಣ ಅಂಗಡಿಗೆ ಹೋಗುತ್ತಿದ್ದರೆ ಅದು ಕೆಲಸವೇ. ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆಯ ಬೇರೆ ದರವನ್ನು ವಿಕಲಚೇತನರಿಗೆಂದು ಕಾರ್ಖಾನೆ ತಾನಾಗಿಯೇ ಇಟ್ಟುಕೊಳ್ಳುವಂತಿಲ್ಲ. ವರ್ಷಗಟ್ಟಲೆ ‘ತರಬೇತಿ’ಯಲ್ಲೇ ಇಟ್ಟುಕೊಳ್ಳುವುದು ಶೋಷಣೆ, ಅದಕ್ಕೆ ಬೇರೆ ಹೆಸರಿಲ್ಲ.

ಕೆಲಸ ಕಲಿಸುವ ಬಗೆಯನ್ನು ಬೇಕರಿಯವರಿಗೂ ತೋರಿಸಿ. ಹನ್ನೆರಡು ರಸ್ಕ್ ಎಣಿಸಿ ತುಂಬಬೇಕಾದರೆ ಹನ್ನೆರಡು ಮನೆಯ ತಟ್ಟೆಯೊಂದನ್ನು ಮಾಡಿಸಿ. ತಟ್ಟೆ ತುಂಬಿದರೆ ಎಣಿಕೆ ಮುಗಿದಂತೆ, ಲೆಕ್ಕ ತಪ್ಪುವುದಿಲ್ಲ. ಕೆಲಸವನ್ನು ಬಿಡಿ ಬಿಡಿ ಹೆಜ್ಜೆ ಮಾಡಿ: ಕೈ ತೊಳೆ, ಗ್ಲೌಸ್ ಹಾಕು, ತಟ್ಟೆ ತುಂಬು, ಕವರಿಗೆ ಸುರಿ, ಸೀಲ್ ಮಾಡು, ಕ್ರೇಟಿಗೆ ಇಡು. ಪ್ರತಿ ಹೆಜ್ಜೆಗೂ ಮಗನದೇ ಫೋಟೊ ತೆಗೆದು ಸಾಲಾಗಿ ಅಂಟಿಸಿ. ಬಾಯಿಮಾತಿನಲ್ಲಿ ಉದ್ದಕ್ಕೆ ಹೇಳುವುದಕ್ಕಿಂತ ಮಾಡಿ ತೋರಿಸುವುದು ನಾಟುತ್ತದೆ. ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುವುದೂ ಒಳ್ಳೆಯ ಉಪಾಯ, ಪ್ರತಿ ಸಲ ಕೆಲಸ ಮುಗಿಸಿದ ಖುಷಿ ಅವನದಾಗುತ್ತದೆ. ಶಾಲೆಯ ಶಿಕ್ಷಕರೊಬ್ಬರು ಮೊದಲ ಎರಡು ವಾರ ಪೂರ್ತಿ ಜೊತೆಗಿದ್ದು, ಆಮೇಲೆ ದಿನಕ್ಕೊಂದು ಗಂಟೆ, ಮತ್ತೆ ವಾರಕ್ಕೊಮ್ಮೆ ಎಂದು ನಿಧಾನವಾಗಿ ಹಿಂದೆ ಸರಿಯಲಿ.

ಕೆಡುವುದು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳ ಮೇಲೆ. ಕವರಿನ ಬಣ್ಣ ಬದಲಾಗಿರುತ್ತದೆ, ಮೇಜು ಜರುಗಿರುತ್ತದೆ, ಹೊಸ ಸೂಪರ್‌ವೈಸರ್ ಬಂದಿರುತ್ತಾರೆ, ಯಾರೂ ಅವನಿಗೆ ಹೇಳಿರುವುದಿಲ್ಲ. ಬದಲಾವಣೆಯ ಹಿಂದಿನ ದಿನವೇ ತೋರಿಸಲು ಹೇಳಿ. ಎಲ್ಲರೂ ಚಹಾ ತರಲು ಅವನನ್ನೇ ಓಡಿಸುವುದೂ ನಿಲ್ಲಬೇಕು. ಅವನ ಯಜಮಾನರು ಒಬ್ಬರೇ ಎಂದು ಗೊತ್ತಿರಲಿ. ಬಸ್ ಪ್ರಯಾಣವನ್ನು ಬೇರೆಯಾಗಿಯೇ ಕಲಿಸಿ: ಮೊದಲು ಪಕ್ಕದಲ್ಲಿ ಕೂತು, ಆಮೇಲೆ ಹಿಂದಿನ ಸೀಟಿನಲ್ಲಿ, ಆಮೇಲೆ ನಿಲ್ದಾಣದಲ್ಲಿ ಕಾದು. ಸರ್ಕಾರ ವಿಕಲಚೇತನರಿಗೆ ಕೊಡುವ ಮಾಸಾಶನಕ್ಕೆ ಕುಟುಂಬದ ಆದಾಯದ ಮಿತಿ ಇದೆ, ಅದನ್ನು ನಾಡಕಚೇರಿಯಲ್ಲಿ ವಿಚಾರಿಸಿಟ್ಟುಕೊಳ್ಳಿ. ಆದರೆ ಮಾಸಾಶನ ಹೋಗುತ್ತದೆಂದು ಸಂಬಳದ ಕೆಲಸ ಬಿಡಿಸಬೇಡಿ.

ನಾವು 60 ಜನರ ಖಾಸಗಿ ಕಂಪನಿ. ನಮಗೂ ಶೇ. 5 ಮೀಸಲಾತಿ ಇದೆಯೇ? ಕಾನೂನು ಏನೇನು ಕೇಳುತ್ತದೆ? (ಸಿಬ್ಬಂದಿ ವಿಭಾಗ, ಬೆಂಗಳೂರು)

ಇಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಶೇ. 5ರ ಮಾತು ಬರುವುದು 35ನೇ ಕಲಂನಲ್ಲಿ. ಸಿಬ್ಬಂದಿಯಲ್ಲಿ ಅಷ್ಟು ಮಂದಿ ಇರುವಂತೆ ನೋಡಿಕೊಳ್ಳಲು ಖಾಸಗಿಯವರಿಗೆ ಸರ್ಕಾರ ಉತ್ತೇಜನ ಕೊಡಬೇಕು ಎಂದು ಅದು ಹೇಳುತ್ತದೆ. ಮೀಸಲಾತಿ ಸರ್ಕಾರಿ ಸಂಸ್ಥೆಗಳಿಗೆ, 34ನೇ ಕಲಂ ಪ್ರಕಾರ ಕನಿಷ್ಠ ಶೇ. 4.

ಆದರೆ 21ನೇ ಕಲಂ ನಿಮಗೂ ಅನ್ವಯ. ಸಮಾನ ಅವಕಾಶ ನೀತಿಯನ್ನು ಬರೆದು, ವೆಬ್‌ಸೈಟಿನಲ್ಲಿ ಅಥವಾ ಎಲ್ಲರಿಗೂ ಕಾಣುವಲ್ಲಿ ಪ್ರಕಟಿಸಿ, ಪ್ರತಿಯನ್ನು ವಿಕಲಚೇತನರ ರಾಜ್ಯ ಆಯುಕ್ತರಲ್ಲಿ ನೋಂದಾಯಿಸಬೇಕು. 20 ಅಥವಾ ಹೆಚ್ಚು ನೌಕರರಿರುವುದರಿಂದ ಯಾವ ಹುದ್ದೆ ಹೊಂದುತ್ತದೆ, ಆಯ್ಕೆ ಹೇಗೆ, ತರಬೇತಿ, ವರ್ಗಾವಣೆ, ವಿಶೇಷ ರಜೆ, ಸಾಧನ ಸಲಕರಣೆ ಇವೆಲ್ಲ ಅದರಲ್ಲಿರಬೇಕು, ವಿಕಲಚೇತನರ ನೇಮಕಾತಿ, ಸೌಲಭ್ಯ ನೋಡಿಕೊಳ್ಳುವ ಸಂಪರ್ಕಾಧಿಕಾರಿಯೊಬ್ಬರನ್ನೂ ನೇಮಿಸಬೇಕು. ಬೇರೆ ಕಂಪನಿಯ ನೀತಿಯನ್ನು ನಕಲು ಮಾಡಿ ಹೆಸರು ಬದಲಿಸುವವರಿದ್ದಾರೆ. ನಿಮ್ಮ ಕಟ್ಟಡದಲ್ಲಿ ಲಿಫ್ಟೇ ಇಲ್ಲದೆ ನೀತಿಯಲ್ಲಿ ಲಿಫ್ಟ್ ಇದೆ ಎಂದು ಬರೆದರೆ ದೂರು ಬಂದಾಗ ಅದೇ ನಿಮ್ಮ ವಿರುದ್ಧದ ಸಾಕ್ಷಿ. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮುಂದಿನ ಸಲಗಳಿಗೆ 50,000ದಿಂದ 5 ಲಕ್ಷದವರೆಗೆ ದಂಡವಿದೆ.

ಸಂಬಳದ ಲೆಕ್ಕದಲ್ಲಿ ಆಗುವ ತಪ್ಪೊಂದನ್ನು ಹೇಳಲೇಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ಸೇರಲು ಸಂಬಳದ ಮಿತಿ ಸಾಮಾನ್ಯವಾಗಿ ತಿಂಗಳಿಗೆ 21,000, ವಿಕಲಚೇತನರಿಗೆ 25,000. ತಂತ್ರಾಂಶ 21,000 ದಾಟಿದ ಕೂಡಲೇ ಹೆಸರು ತೆಗೆದುಬಿಡುತ್ತದೆ, ಆಸ್ಪತ್ರೆಗೆ ಹೋದಾಗಲೇ ಅದು ಗೊತ್ತಾಗುವುದು. ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಕಾರ್ಡಿನ ವಿವರವನ್ನು ಸೇರುವಾಗಲೇ ದಾಖಲಿಸಿ.

ಪ್ರೌಢಶಾಲೆಯಲ್ಲಿ 22 ವರ್ಷದಿಂದ ಸರ್ಕಾರಿ ಶಿಕ್ಷಕ. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಬಹುಪಾಲು ಹೋಗಿದೆ. ಸ್ವಯಂ ನಿವೃತ್ತಿ ತೆಗೆದುಕೊಳ್ಳಿ ಎಂದು ಒತ್ತಡವಿದೆ. (ಹೆಸರು ಬೇಡ, ಹಾವೇರಿ)

ಗುರುಗಳೇ, ಯಾವ ಕಾಗದಕ್ಕೂ ಅವಸರದಲ್ಲಿ ಸಹಿ ಹಾಕಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಂನ 4ನೇ ಉಪಕಲಂ ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಇದ್ದ ಹುದ್ದೆ ಆಗದಿದ್ದರೆ ಅದೇ ಸಂಬಳ, ಸೌಲಭ್ಯಗಳೊಡನೆ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿವರೆಗೆ ಸಂಖ್ಯಾತೀತ ಹುದ್ದೆಯಲ್ಲಿ, ಅಂದರೆ ಮಂಜೂರಾದ ಹುದ್ದೆಗಳ ಲೆಕ್ಕಕ್ಕೆ ಹೊರತಾದ ಹುದ್ದೆಯಲ್ಲಿ, ಇಟ್ಟುಕೊಳ್ಳಬೇಕು. ಹಳೆಯ 1995ರ ಕಾಯ್ದೆಯಲ್ಲೂ ಈ ರಕ್ಷಣೆ ಇತ್ತು. ಕುನಾಲ್ ಸಿಂಗ್ ಪ್ರಕರಣದಲ್ಲಿ ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್‌ಗೆ ಅಶಕ್ತತಾ ಪಿಂಚಣಿ ಮಂಜೂರಾಗಿದ್ದರೂ ಈ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ.

ಮೊದಲು ಯುಡಿಐಡಿಗೆ ಅರ್ಜಿ ಹಾಕಿ. ಅದರ ಸ್ವೀಕೃತಿ ಪ್ರತಿಯೊಂದಿಗೆ ಮುಖ್ಯೋಪಾಧ್ಯಾಯರ ಮೂಲಕ ಲಿಖಿತ ಮನವಿ ಕೊಡಿ, ಮುದ್ರೆ ಹಾಕಿದ ಪ್ರತಿ ಇಟ್ಟುಕೊಳ್ಳಿ. ಮನವಿಯಲ್ಲಿ ಬರೀ “ಸಹಾಯ ಮಾಡಿ” ಎಂದಿರಬಾರದು. ಪರದೆ ಓದುವ ತಂತ್ರಾಂಶ ಇರುವ ಕಂಪ್ಯೂಟರ್ ಬೇಕು, ಬೋರ್ಡ್ ಬರೆಯಲು ಸಹಾಯಕರು ಬೇಕು, ಇಲ್ಲವೇ ಇಂಥ ಹುದ್ದೆಗೆ ಬದಲಿಸಿ ಎಂದು ಬಿಡಿಸಿ ಬರೆಯಿರಿ. ಉತ್ತರ ಬಾರದಿದ್ದರೆ ಇಲಾಖೆಯ ಕುಂದುಕೊರತೆ ಅಧಿಕಾರಿಗೆ, ಆಮೇಲೆ ರಾಜ್ಯ ಆಯುಕ್ತರಿಗೆ ದೂರು. ಆಯುಕ್ತರು ಶಿಫಾರಸು ಮಾಡಿದರೆ ಇಲಾಖೆ ಮೂರು ತಿಂಗಳೊಳಗೆ ಕ್ರಮ ತಿಳಿಸಬೇಕು. ದೃಷ್ಟಿ ಇಲ್ಲದೆಯೇ ಪಾಠ ಮಾಡುತ್ತಿರುವ ಶಿಕ್ಷಕರು ನಾಡಿನಲ್ಲಿ ಅನೇಕರಿದ್ದಾರೆ. ಅವರಲ್ಲೊಬ್ಬರನ್ನು ಹುಡುಕಿ ಮಾತನಾಡಿ.

ಬೈಪೋಲಾರ್ ಕಾಯಿಲೆಯಿಂದ ಮೂರು ವರ್ಷ ಕೆಲಸ ಬಿಟ್ಟಿದ್ದೆ. ಈಗ ಆರೋಗ್ಯವಾಗಿದ್ದೇನೆ, ಲಿಥಿಯಂ ಮಾತ್ರೆ ಮುಂದುವರಿದಿದೆ. ಸಂದರ್ಶನದಲ್ಲಿ ಹೇಳಬೇಕೇ? (ಮೈಸೂರು)

ಕಾಯಿಲೆಯ ಹೆಸರು ಹೇಳಬೇಕಿಲ್ಲ. “ಆರೋಗ್ಯದ ಕಾರಣದಿಂದ ಬಿಡುವು ತೆಗೆದುಕೊಂಡಿದ್ದೆ, ಈಗ ಕೆಲಸಕ್ಕೆ ಸಿದ್ಧಳಿದ್ದೇನೆ” ಎಂಬುದು ಸತ್ಯ, ಸಾಕು ಕೂಡ. ಸುಳ್ಳು ಅನುಭವ ಪತ್ರದಿಂದ ಅಂತರ ಮುಚ್ಚಬೇಡಿ, ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಅದೇ. ನಿಮ್ಮ ಒಪ್ಪಿಗೆಯಿಲ್ಲದೆ ಚಿಕಿತ್ಸೆಯ ವಿವರವನ್ನು ವೈದ್ಯರು ಕಂಪನಿಗೆ ಕೊಡುವಂತಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಕಾಪಾಡುತ್ತದೆ.

ಅನುಕೂಲ ಬೇಕಿದ್ದರೆ ಮಾತ್ರ ಹೇಳುವ ಅಗತ್ಯ ಬರುತ್ತದೆ. ನಿಮಗೆ ಬೇಕಾಗುವುದು ಬಹುಶಃ ಇಷ್ಟು: ರಾತ್ರಿ ಪಾಳಿ ಇಲ್ಲದಿರುವುದು, ಏಕೆಂದರೆ ನಿದ್ದೆ ಕೆಟ್ಟರೆ ಕಾಯಿಲೆ ಮರುಕಳಿಸಬಹುದು, ಆಗಾಗ ರಕ್ತಪರೀಕ್ಷೆಗೆ ಅರ್ಧ ದಿನ, ಬಾಯಾರಿಕೆ ಹೆಚ್ಚುವುದರಿಂದ ಮೇಜಿನ ಮೇಲೆ ನೀರು, ನಡುವೆ ಎದ್ದುಹೋಗಲು ಅವಕಾಶ. ನೇಮಕಾತಿ ಪತ್ರ ಕೈಗೆ ಬಂದ ಮೇಲೆ, ಕೆಲಸಕ್ಕೆ ಹಾಜರಾಗುವ ಮುನ್ನ ಸಿಬ್ಬಂದಿ ವಿಭಾಗಕ್ಕೆ ಮಾತ್ರ ಬರೆದು ಕೇಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಪ್ರಮಾಣಪತ್ರ ಮಾಡಿಸುವುದು ಬಿಡುವುದು ನಿಮ್ಮ ಇಚ್ಛೆ.

ಕುಷ್ಠರೋಗ ವಾಸಿಯಾದ ಒಬ್ಬರನ್ನು ಫ್ಯಾಬ್ರಿಕೇಷನ್ ಘಟಕಕ್ಕೆ ತೆಗೆದುಕೊಂಡಿದ್ದೇವೆ. ಉಳಿದವರು ಒಟ್ಟಿಗೆ ಊಟಕ್ಕೆ ಕೂರುತ್ತಿಲ್ಲ. (ಬಳ್ಳಾರಿ)

ಬಹುಔಷಧ ಚಿಕಿತ್ಸೆ ಪೂರ್ತಿಯಾದವರಿಂದ ರೋಗ ಹರಡುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೇ ಕರೆಸಿ ಕೆಲಸಗಾರರಿಗೆ ಹೇಳಿಸಿ, ಅಂದೇ ನೀವೂ ಅವರ ಪಕ್ಕದಲ್ಲಿ ಕೂತು ಊಟ ಮಾಡಿ.

ನಿಜವಾದ ಎಚ್ಚರಿಕೆ ಬೇಕಿರುವುದು ಅವರ ಕೈಗೆ. ನರಗಳಿಗೆ ಹಾನಿಯಾಗಿದ್ದರೆ ಬಿಸಿ, ನೋವು ಗೊತ್ತಾಗುವುದಿಲ್ಲ. ವೆಲ್ಡಿಂಗ್ ಆದ ಬಿಸಿ ಕಬ್ಬಿಣವನ್ನು ಹಿಡಿದು, ಸುಟ್ಟದ್ದು ಸಂಜೆ ಕಾಣುತ್ತದೆ. ಬಿಸಿ ತುಂಡು, ಚೂಪು ಅಂಚಿನ ತಗಡಿನ ಕೆಲಸ ಬಿಟ್ಟು ಅಳತೆ, ಬಣ್ಣ, ಸ್ಟೋರ್ ಲೆಕ್ಕದಲ್ಲಿ ಯಾವುದು ಹಿಡಿಸುತ್ತದೆಂದು ಅವರನ್ನೇ ಕೇಳಿ. ಉಪಕರಣಗಳ ಹಿಡಿಗೆ ದಪ್ಪ ರಬ್ಬರ್ ಸುತ್ತಿ, ದಪ್ಪ ಗ್ಲೌಸ್ ಕೊಡಿ. ಕಾಲಿಗೆ ಮೃದು ಒಳಪದರದ, ಮೊಳೆ ಹೊಡೆಯದ ಚಪ್ಪಲಿ ಅಥವಾ ಬೂಟು ಇರಲಿ. ದಿನದ ಕೊನೆಗೆ ಅಂಗೈ, ಅಂಗಾಲು ನೋಡಿಕೊಳ್ಳಲು ಐದು ನಿಮಿಷ ಕೊಡಿ. ಗಾಯ ಕಂಡರೆ ನೋವಿಲ್ಲ ಎಂದು ಬಿಡದೆ ಅಂದೇ ಆಸ್ಪತ್ರೆಗೆ ಕಳಿಸಿ.